ಹೊಸ ಸಿನಿಮಾ, ಹಾಡು, ಗೇಮ್: ಬೆನ್ನಟ್ಟಿ ಸುಸ್ತಾದವರು ಏನು ಮಾಡಬೇಕು?

ಶುಕ್ರವಾರ ಬಂತೆಂದರೆ ಕಲಬುರಗಿಯ ಸಿನಿಮಾ ಪ್ರಿಯರಿಗೆ ಬೇರೆ ಊರಿನವರಿಗಿಂತ ಹೆಚ್ಚು ಕೆಲಸ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಹಿಂದಿ, ಸೇಡಂ ಕಡೆಯ ನೆಂಟರೊಂದಿಗೆ ತೆಲುಗು, ಆಳಂದ ದಾಟಿದರೆ ಮರಾಠಿ. ಇಷ್ಟು ಭಾಷೆಗಳು ಅರ್ಥವಾಗುವ ಊರಿಗೆ ಅಷ್ಟೂ ಚಿತ್ರರಂಗಗಳ ಬಿಡುಗಡೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಕನ್ನಡವೊಂದರಲ್ಲೇ ವರ್ಷಕ್ಕೆ ಇನ್ನೂರರ ಆಸುಪಾಸು ಚಿತ್ರಗಳು ತೆರೆ ಕಾಣುತ್ತವೆ. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಗೆ 2024ರ ಒಂದೇ ವರ್ಷದಲ್ಲಿ 18,000ಕ್ಕೂ ಹೆಚ್ಚು ಹೊಸ ಗೇಮ್‌ಗಳು ಬಂದವು. ಸ್ಪಾಟಿಫೈನಲ್ಲಿರುವ ಹಾಡುಗಳು 10 ಕೋಟಿಗೂ ಹೆಚ್ಚು.

ಇವನ್ನೆಲ್ಲ ಯಾರೂ ಮುಗಿಸಲಾರರು ಎಂಬುದು ಎಲ್ಲರಿಗೂ ಗೊತ್ತು. ಆದರೂ ‘ಅದನ್ನಿನ್ನೂ ನೋಡಿಲ್ಲವೇ?’ ಎಂದು ಕಚೇರಿಯಲ್ಲೋ ಕಾಲೇಜಿನಲ್ಲೋ ಯಾರಾದರೂ ಕೇಳಿದರೆ ಮುಖ ಸಣ್ಣದಾಗುತ್ತದೆ. ಆ ಮುಜುಗರದಿಂದ ಅವಸರದಲ್ಲಿ ನೋಡಿದ ಚಿತ್ರ ಎರಡು ದಿನವೂ ನೆನಪಿನಲ್ಲಿ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿರುವ ಮದ್ದು ಒಂದೇ: ಬೇಕೆಂದೇ ತಡವಾಗಿ ನೋಡುವುದು. ಅದನ್ನು ರೂಢಿಸಿಕೊಳ್ಳುವ ಕ್ರಮ ಹೀಗಿದೆ.

ಮೊದಲು, ಚದುರಿದ್ದನ್ನು ಒಂದೆಡೆ ತನ್ನಿ

ನೋಡಬೇಕಾದವುಗಳ ಪಟ್ಟಿ ನಮ್ಮಲ್ಲಿ ಒಂದಲ್ಲ, ಏಳೆಂಟು ಕಡೆ ಇರುತ್ತದೆ. ಯೂಟ್ಯೂಬ್‌ನ ‘ವಾಚ್ ಲೇಟರ್’, ಪ್ರತಿ ಒಟಿಟಿ ಆ್ಯಪಿನ ಸ್ವಂತ ಪಟ್ಟಿ, ವಾಟ್ಸ್ಆ್ಯಪ್‌ನಲ್ಲಿ ಗೆಳೆಯರು ಕಳಿಸಿದ ಲಿಂಕ್, ಫೋನ್ ಗ್ಯಾಲರಿಯ ಸ್ಕ್ರೀನ್‌ಶಾಟ್. ಒಂದು ಸಂಜೆ ಕುಳಿತು ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿ. ಫೋನ್‌ಗಿಂತ ಕಾಗದವೇ ಒಳ್ಳೆಯದು. ಕೈ ನೋಯುವಷ್ಟು ಬರೆಯುವಾಗಲೇ ಅರ್ಧದಷ್ಟು ಹೆಸರುಗಳು ಬೇಡವೆನ್ನಿಸುತ್ತವೆ.

ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ. ಒಂದು, ಇದನ್ನು ನನಗೆ ಹೇಳಿದವರು ಯಾರು? ರುಚಿ ಬಲ್ಲ ಗೆಳತಿ ಹೇಳಿದ್ದರೆ ಅವಳ ಹೆಸರು ಇರಲಿ. ಜಾಹೀರಾತೋ ರೀಲ್ಸೋ ಹೇಳಿದ್ದರೆ ಆ ಸಾಲಿಗೆ ಗೀಟು ಎಳೆಯಿರಿ. ಎರಡು, ಎಷ್ಟು ಗಂಟೆ ಬೇಕು? ಎರಡೂವರೆ ಗಂಟೆಯ 40 ಸಿನಿಮಾಗಳೆಂದರೆ 100 ಗಂಟೆ. ವಾರಕ್ಕೆ ಎರಡರಂತೆ ನೋಡಿದರೂ 20 ವಾರ, ಅಂದರೆ ದಸರೆಗೆ ಶುರು ಮಾಡಿದರೆ ಶಿವರಾತ್ರಿಯವರೆಗೆ. ಅಷ್ಟರಲ್ಲಿ ಹೊಸದೇನನ್ನೂ ಸೇರಿಸುವಂತಿಲ್ಲ! ಈ ಲೆಕ್ಕ ಕಣ್ಣೆದುರು ಬಂದ ಮೇಲೆ ಹೊಡೆದುಹಾಕಲು ಕೈ ತಾನಾಗಿ ಮುಂದಾಗುತ್ತದೆ. ಹತ್ತು ಹೆಸರು ಉಳಿದರೆ ಸಾಕು.

ಗಂಟೆಗಳ ವಿಷಯದಲ್ಲಿ ಗೇಮ್ ಬೇರೆಯೇ ಲೋಕ

ಸಿನಿಮಾ ಒಂದು ಸಂಜೆಯಲ್ಲಿ ಮುಗಿಯುತ್ತದೆ. ದೊಡ್ಡ ಕಥೆಯ ಗೇಮ್ ಐವತ್ತು, ಅರವತ್ತು ಗಂಟೆ ಕೇಳುತ್ತದೆ. ದಿನಕ್ಕೆ ಒಂದು ಗಂಟೆ ಆಡುವ ಉದ್ಯೋಗಸ್ಥರಿಗೆ ಅದು ಎರಡು ತಿಂಗಳ ಒಡನಾಟ. ‘ಹೌ ಲಾಂಗ್ ಟು ಬೀಟ್’ ಎಂಬ ಜಾಲತಾಣದಲ್ಲಿ ಆಟಗಾರರೇ ದಾಖಲಿಸಿದ ಅವಧಿ ಸಿಗುತ್ತದೆ. ಕೊಳ್ಳುವ ಮೊದಲು ಅಲ್ಲಿ ಕಣ್ಣು ಹಾಯಿಸಿ.

ಗೇಮ್‌ನಲ್ಲಿ ತಡ ಮಾಡಿದವರಿಗೆ ನೇರ ಲಾಭವೂ ಇದೆ. ಬಿಡುಗಡೆಯ ದಿನ ಬೆಲೆ ಹೆಚ್ಚು, ದೋಷಗಳೂ ಹೆಚ್ಚು. ಒಂದು ವರ್ಷ ಕಾದರೆ ದೋಷಗಳು ಬಹುಪಾಲು ಸರಿಹೋಗಿರುತ್ತವೆ, ರಿಯಾಯಿತಿ ಮಾರಾಟದಲ್ಲಿ ಬೆಲೆ ಅರ್ಧಕ್ಕೂ ಇಳಿಯಬಹುದು. ಸ್ಟೀಮ್‌ನ ‘ವಿಶ್‌ಲಿಸ್ಟ್’ಗೆ ಸೇರಿಸಿಟ್ಟರೆ ಬೆಲೆ ಇಳಿದಾಗ ಇಮೇಲ್ ಬರುತ್ತದೆ. ಕೊಂಡ ಮೇಲೆ ಹಿಡಿಸದಿದ್ದರೆ, 14 ದಿನದೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು.

ಉಚಿತ ಮೊಬೈಲ್ ಗೇಮ್‌ಗಳ ಬಗ್ಗೆ ಮಾತ್ರ ಎಚ್ಚರ. ದಿನದ ಬಹುಮಾನ, ಮುಗಿಯುವ ಸೀಸನ್, ಗಡುವಿನ ಪಾಸ್ ಇವೆಲ್ಲ ನಿಮ್ಮನ್ನು ಪ್ರತಿದಿನ ಎಳೆದು ತರಲೆಂದೇ ಇಟ್ಟವು. ಮಕ್ಕಳನ್ನಂತೂ ಇವು ಬಲವಾಗಿ ಹಿಡಿಯುತ್ತವೆ. ಇಂತಹ ಗೇಮ್ ಫೋನಿನಲ್ಲಿ ಒಂದೇ ಇರಲಿ, ಎರಡನೆಯದು ಬೇಕೆಂದರೆ ಮೊದಲನೆಯದು ಹೋಗಲಿ.

ಗಂಟೆ ಬಾರಿಸುವವರನ್ನು ಸುಮ್ಮನಾಗಿಸಿ

ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಟಿ, ಸಂಗೀತ ಮತ್ತು ಗೇಮ್ ಆ್ಯಪ್‌ಗಳ ನೋಟಿಫಿಕೇಷನ್ ಬಂದ್ ಮಾಡಿ. ಯೂಟ್ಯೂಬ್‌ನಲ್ಲಿ ಆಟೊಪ್ಲೇ ಆಫ್ ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಿ ಮುಂದಿನ ಕಂತು ತಾನಾಗಿ ಓಡದಂತೆ ತಡೆಯುವ ಆಯ್ಕೆ ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿದೆ. ಹತ್ತು ನಿಮಿಷದ ಕೆಲಸ.

ಹಾಡಿಗೆ ಬೇರೆ ನಿಯಮ

ಜಗತ್ತಿನ ಹೆಚ್ಚಿನ ಹೊಸ ಆಲ್ಬಂಗಳು 2015ರ ಜುಲೈನಿಂದ ಶುಕ್ರವಾರವೇ ಹೊರಬರುತ್ತಿವೆ. ಹಾಗಾಗಿ ವಾರಪೂರ್ತಿ ಹುಡುಕುವ ಅಗತ್ಯವಿಲ್ಲ. ಭಾನುವಾರ ಅರ್ಧ ಗಂಟೆ ಹೊಸದನ್ನು ಕೇಳಿ, ಅದರಲ್ಲಿ ಒಂದೆರಡನ್ನು ಇಟ್ಟುಕೊಂಡು ಮುಂದಿನ ವಾರವಿಡೀ ಮತ್ತೆ ಮತ್ತೆ ಕೇಳಿ. ಹಾಡು ಒಲಿಯುವುದು ಮರಳಿ ಕೇಳಿದಾಗ. ಕಡಕೋಳದ ಕಡೆ ತತ್ವಪದ ಭಜನೆಗೆ ಕುಳಿತವರನ್ನು ಗಮನಿಸಿ: ಅಜ್ಜನ ಕಾಲದಲ್ಲಿ ಹಾಡಿದ ಪದವನ್ನೇ ಮೊಮ್ಮಗನೂ ಏಕತಾರಿ ಹಿಡಿದು ಹಾಡುತ್ತಾನೆ, ಸಾಲಿನ ಅರ್ಥದ ಮೇಲೆ ರಾತ್ರಿಯೆಲ್ಲ ಚರ್ಚೆ ನಡೆಯುತ್ತದೆ. ಅಂತಹ ಕೇಳ್ಮೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಜೀವಂತವಾಗಿರುವುದು ನನಗೆ ದೊಡ್ಡ ಸಂಪತ್ತಾಗಿ ಕಾಣುತ್ತದೆ.

ಕೊನೆಗೆ, ಹೊತ್ತು ಗೊತ್ತುಮಾಡಿ

ಚಿತ್ರಮಂದಿರದಲ್ಲೇ ನೋಡಬೇಕಾದ್ದನ್ನು ಅಲ್ಲೇ ನೋಡಿ. ದೊಡ್ಡ ಪರದೆ, ದೊಡ್ಡ ಶಬ್ದ ಬೇಡುವ ಚಿತ್ರಕ್ಕೆ ಹಣ ಕೊಡಲು ಹಿಂಜರಿಯಬೇಡಿ, ಆದರೆ ತಿಂಗಳಿಗೆ ಒಂದು ಸಾಕು. ಉಳಿದವು ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಒಟಿಟಿಗೆ ಬರುತ್ತವೆ. ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುವ ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಹೊರಗೆ ಕಾಲಿಡಲಾಗದು. ಪಟ್ಟಿಯ ಉದ್ದದ ಸಿನಿಮಾಗಳನ್ನು, ಮನೆಮಂದಿಯೊಂದಿಗೆ ನೋಡುವಂಥವನ್ನು ಆ ಹೊತ್ತಿಗೆ ಎತ್ತಿಡಿ. ಮನೆಯಲ್ಲಿ ಪಿಯುಸಿ ಓದುವವರಿದ್ದರೆ ಪರೀಕ್ಷೆ ಮುಗಿಯುವವರೆಗೆ ಅವರ ಪಟ್ಟಿಯೂ ಅಲ್ಲೇ ಕಾಯಲಿ. ಕಾದಿದ್ದನ್ನು ಅವರೊಂದಿಗೇ ನೋಡಿ.

ಬೆಂಗಳೂರಿಗೆ ರೈಲಿನಲ್ಲಿ ಹೋಗುವ ರಾತ್ರಿಯೂ ಒಳ್ಳೆಯ ಅವಕಾಶ. ದಾರಿಯಲ್ಲಿ ನೆಟ್‌ವರ್ಕ್ ಕಡಿಯುತ್ತಿರುತ್ತದೆ, ಆದ್ದರಿಂದ ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಒಟಿಟಿಯ ಡೌನ್‌ಲೋಡ್‌ಗಳಿಗೆ ಅವಧಿ ಇರುವುದರಿಂದ ವಾರದ ಮುಂಚೆ ಬೇಡ, ಹೊರಡುವ ಹಿಂದಿನ ದಿನ ಸಾಕು. ಇಯರ್‌ಫೋನ್ ಮರೆಯಬೇಡಿ. ಪಕ್ಕದ ಬರ್ತಿನವರು ಮಲಗಿರುತ್ತಾರೆ.