10ಕೆ ಓಡಬೇಕಾ? ಮೊದಲು ನಿಧಾನಕ್ಕೆ ಓಡೋದು ಕಲಿಯಿರಿ

ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ 10 ಕಿಲೋಮೀಟರ್ ಓಟದ ಸ್ಪರ್ಧೆ, ಶುರುವಾಗಿದ್ದು 2008ರಲ್ಲಿ. ಅದಕ್ಕೆ ಹೆಸರು ಕೊಟ್ಟ ಮರುದಿನವೇ ಹೊಸ ಶೂ ಹಾಕ್ಕೊಂಡು, ಕಬ್ಬನ್ ಪಾರ್ಕಿನಲ್ಲಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುವವರು ಪ್ರತಿವರ್ಷ ಸಿಗುತ್ತಾರೆ. ನಾನೂ ಹಾಗೇ ಓಡಿದವನೇ. ಎರಡೇ ವಾರಕ್ಕೆ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯುದ್ದಕ್ಕೂ ನೋವು. ಮನೆ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದೆ.

ಆಗಿದ್ದು ಇಷ್ಟೇ. ದಮ್ಮು ಕೆಲವೇ ವಾರದಲ್ಲಿ ಹೆಚ್ಚುತ್ತೆ, ಆದರೆ ಮೂಳೆ ಮತ್ತು ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳು ಬೇಕು. ಉಸಿರು 'ಇನ್ನೂ ಓಡು' ಅನ್ನುತ್ತೆ, ಕಾಲು ಇನ್ನೂ ತಯಾರಾಗಿರಲ್ಲ.

ಹಾಗಾಗಿ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು. ಏದುಸಿರು ಬಂದರೆ ವೇಗ ಜಾಸ್ತಿಯಾಯ್ತು ಅಂತ ಅರ್ಥ, ಪಕ್ಕದಲ್ಲಿ ವಾಕಿಂಗ್ ಮಾಡೋ ಅಜ್ಜ ದಾಟಿ ಹೋದರೂ ಹೋಗಲಿ ಬಿಡಿ. ಮುಂದಿನ ವಾರ ಓಟಕ್ಕೆ ಅರ್ಧ ನಿಮಿಷ ಸೇರಿಸಿ. ಆದರೆ ದೂರ, ವೇಗ ಎರಡನ್ನೂ ಒಟ್ಟಿಗೆ ಏರಿಸಬೇಡಿ. ನಾಲ್ಕನೇ ವಾರ ಬೇಕಂತಲೇ ಕಡಿಮೆ ಮಾಡಿ. ಇದನ್ನ ಯಾರೂ ಪಾಲಿಸಲ್ಲ, ಸೋಮಾರಿತನ ಅನ್ಕೋತಾರೆ. ದೇಹ ಗಟ್ಟಿಯಾಗೋದು ಓಡುವಾಗಲ್ಲ, ಓಡಿದ ಮೇಲೆ ಉಂಡು ಮಲಗಿದಾಗ. ಭಾನುವಾರದ ಕ್ರಿಕೆಟ್ಟನ್ನೂ ಲೆಕ್ಕಕ್ಕೆ ಸೇರಿಸಿ, ಅದೇನು ವಿಶ್ರಾಂತಿ ಅಲ್ವಲ್ಲ!

ಜಿಮ್ಮಿನ ಸೈಕಲ್ ತುಳಿದರೆ ಎದೆಗೆ ಒಳ್ಳೇದು, ಆದರೆ ಕಾಲು ಓಟ ಕಲಿಯೋದು ಓಡಿಯೇ. ಜೊತೆಗೆ ವಾರಕ್ಕೆರಡು ಸಲ ಗರಡಿಯವರ ಹಾಗೆ ಬಸ್ಕಿ ಹೊಡೆಯಿರಿ. ಆಮೇಲೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ, ಅದಕ್ಕಿಂತ ನಿಧಾನಕ್ಕೆ ಇಳಿಸಿ. 12 ಸಲ, ಮೂರು ಸುತ್ತು. ನನ್ನ ಕಾಲುನೋವು ಮತ್ತೆ ಬರದಿರೋಕೆ ಇದೂ ಒಂದು ಕಾರಣ ಅನ್ನಿಸುತ್ತೆ.

ಮೈಕೈ ನೋವು ಎರಡು-ಮೂರು ದಿನದಲ್ಲಿ ತಾನಾಗೇ ಇಳಿಯುತ್ತೆ. ಆದರೆ ಮೂಳೆಯ ಒಂದೇ ಜಾಗ ಒತ್ತಿದಾಗ ಚುಳ್ ಅಂದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಜ್ವರಾನೋ ಮದುವೆನೋ ಬಂದು ಎರಡು ವಾರ ತಪ್ಪಿದರೆ, ಬಿಟ್ಟಲ್ಲಿಂದ ಹಿಡಿಯಬೇಡಿ, ಅರ್ಧದಿಂದ ಶುರುಮಾಡಿ.

ಓಟದ ದಿನ ಮೊದಲ ಎರಡು ಕಿಲೋಮೀಟರ್ ಎಲ್ಲರೂ ನಿಮ್ಮನ್ನ ದಾಟಿ ಹೋಗ್ತಾರೆ. ಹೋಗಲಿ. ಏಳನೇ ಕಿಲೋಮೀಟರಿನಲ್ಲಿ ಅವರಲ್ಲಿ ಸುಮಾರು ಜನ ಸೊಂಟಕ್ಕೆ ಕೈಕೊಟ್ಟು ನಡೀತಾ ಇರ್ತಾರೆ.