ಗ್ರೀಕ್ ಮಡಕೆಯ ಮೇಲಿನ ವೀರ ಯಾರು, ರಾಕ್ಷಸ ಯಾವುದು: ಗುರುತು ಹಿಡಿಯುವ ಬಗೆ

ಗ್ರೀಕ್ ಪುರಾಣವನ್ನು ಅಷ್ಟಿಷ್ಟು ಓದಿಕೊಂಡವರು ಮ್ಯೂಸಿಯಂನಲ್ಲಿಯೋ ಅದರ ಜಾಲತಾಣದಲ್ಲಿಯೋ ಹಳೆಯ ಮಡಕೆಯ ಚಿತ್ರ ಕಂಡಾಗ ಮೊದಲು ರಾಕ್ಷಸನ ಮುಖ ನೋಡುತ್ತಾರೆ, ಓದಿದ ಕಥೆ ನೆನಪಿಸಿಕೊಳ್ಳುತ್ತಾರೆ, ಹೆಸರು ಹೇಳಿಬಿಡುತ್ತಾರೆ. ಎಡವುವುದು ಇಲ್ಲಿಯೇ. ಚಿತ್ರಕಾರರು ರಾಕ್ಷಸರಿಗೆ ತಮಗೆ ತೋಚಿದಷ್ಟು ತಲೆ ಇಟ್ಟರು, ತೋಚಿದ ಮೈ ಕೊಟ್ಟರು. ವೀರನ ಕೈಯಲ್ಲಿನ ವಸ್ತು ಮತ್ತು ಅವನು ಹೋರಾಡುವ ರೀತಿ ಅಷ್ಟು ಸುಲಭವಾಗಿ ಬದಲಾಗಲಿಲ್ಲ. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಮಡಕೆಯ ಕಾಲ, ಆಮೇಲೆ ಬರಹ, ಆಯುಧ ಮತ್ತು ಉಡುಪು, ಹೋರಾಟದ ಭಂಗಿ, ಪಕ್ಕದಲ್ಲಿ ನಿಂತವರು. ರಾಕ್ಷಸನ ಮೈಗೆ ಬರುವುದು ಕೊನೆಯಲ್ಲಿ. ಕನಿಷ್ಠ ಎರಡು ಗುರುತು ಹೊಂದಿಕೊಳ್ಳದೆ ಹೆಸರಿಡಬೇಡಿ.

ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಕೈಯ ಆಯುಧ ನೋಡಿ ಮೂರ್ತಿ ಯಾವುದೆಂದು ಹೇಳುವ ರೂಢಿ ಇದ್ದವರಿಗೆ ಈ ಕೆಲಸ ಅರ್ಧ ಗೊತ್ತಿದ್ದಂತೆಯೇ. ಒಂದು ಎಚ್ಚರ ಮಾತ್ರ ಬೇಕು: ಗ್ರೀಕ್ ಕುಂಬಾರರ ಮುಂದೆ ಶಿಲ್ಪಶಾಸ್ತ್ರದಂಥ ಲಕ್ಷಣಗ್ರಂಥ ಇರಲಿಲ್ಲ. ಅವರದು ರೂಢಿ ಅಷ್ಟೇ, ಮುರಿಯಬೇಕೆನಿಸಿದಾಗ ಮುರಿದರು.

ಕಾಲವನ್ನು ಹಿಡಿಯುವುದು

ಕೆಂಪು ಮಣ್ಣಿನ ಮೇಲೆ ಆಕೃತಿಗಳು ಕಪ್ಪಾಗಿದ್ದು, ಕಣ್ಣು, ಸ್ನಾಯು, ಬಟ್ಟೆಯ ಮಡಿಕೆಗಳನ್ನು ಚೂಪು ಮೊನೆಯಿಂದ ಗೀರಿದ್ದರೆ ಅದು ಕಪ್ಪು ಆಕೃತಿಯ ಶೈಲಿ. ಅಥೆನ್ಸ್‌ನಲ್ಲಿ ಇದು ಬೇರೂರಿದ್ದು ಸುಮಾರು ಕ್ರಿ.ಪೂ. 620ರಲ್ಲಿ. ಹಿನ್ನೆಲೆ ಕಪ್ಪಾಗಿದ್ದು, ಆಕೃತಿ ಮಣ್ಣಿನ ಬಣ್ಣದಲ್ಲೇ ಉಳಿದು, ಗೆರೆಗಳನ್ನು ಕುಂಚದಿಂದ ಎಳೆದಿದ್ದರೆ ಕೆಂಪು ಆಕೃತಿಯ ಶೈಲಿ, ಇದು ಕ್ರಿ.ಪೂ. 530–520ರ ನಡುವೆ ಅಲ್ಲಿಯೇ ಹುಟ್ಟಿತು.

ಕಪ್ಪು ಶೈಲಿಯಲ್ಲಿ ಹೆಂಗಸರ ಚರ್ಮಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದರು. ಹೆರಾಕ್ಲೀಸ್‌ನ (ಹರ್ಕ್ಯುಲಿಸ್) ಎದುರು ಶಿರಸ್ತ್ರಾಣ ತೊಟ್ಟ ಬಿಳಿ ಮೈಯ ಯೋಧರು ಕಂಡರೆ ಅವರು ಅಮೆಜಾನ್ ಹೆಂಗಸರು. ಆದರೆ ಈ ಬಿಳಿ ಬಣ್ಣ ಗಟ್ಟಿಯಲ್ಲ, ಉದುರುತ್ತದೆ. ಉದುರಿದ ಕಡೆ ಕಪ್ಪಿನ ಹೊಳಪು ಮಾಸಿರುತ್ತದೆ; ಓರೆ ಬೆಳಕಿನಲ್ಲಿ ನೋಡದಿದ್ದರೆ ಹೆಂಗಸನ್ನು ಗಂಡಸೆಂದು ಬರೆದುಕೊಂಡು ಬರುತ್ತೀರಿ.

ಕಾಲ ಗೊತ್ತಿಲ್ಲದಿದ್ದರೆ ಮುಂದಿನ ಗುರುತುಗಳು ಕೈಕೊಡುತ್ತವೆ. ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿರುವ, 1.22 ಮೀಟರ್ ಎತ್ತರದ ನೆಸ್ಸೋಸ್ ಆಂಫೊರಾ ಎಂಬ ಎರಡು ಹಿಡಿಯ ಜಾಡಿ ನೋಡಿ (ಸುಮಾರು ಕ್ರಿ.ಪೂ. 620–610). ಅದರ ಕತ್ತಿನ ಭಾಗದಲ್ಲಿ ಗಡ್ಡದ ಗಂಡಸೊಬ್ಬ ಸೆಂಟಾರ್‌ನ (ಸೊಂಟದ ಮೇಲೆ ಮನುಷ್ಯ, ಕೆಳಗೆ ಕುದುರೆ) ಬೆನ್ನಿಗೆ ಕಾಲಿಟ್ಟು, ಕೂದಲು ಹಿಡಿದು, ಖಡ್ಗ ಎತ್ತಿದ್ದಾನೆ. ಸಿಂಹದ ಚರ್ಮವಿಲ್ಲ, ದೊಣ್ಣೆಯಿಲ್ಲ. ಆದರೂ ಅವನು ಹೆರಾಕ್ಲೀಸ್. ಪಕ್ಕದಲ್ಲಿ ಹೆಸರೇ ಬರೆದಿದೆ. ಸಿಂಹದ ಚರ್ಮ ಅವನ ಮಾಮೂಲಿ ಉಡುಪಾದದ್ದು ಕ್ರಿ.ಪೂ. 600ರ ನಂತರ.

ಬರಹವನ್ನು ಓದುವುದು, ನಂಬದಿರುವುದು

ಹೆಸರುಗಳು ಸಾಮಾನ್ಯವಾಗಿ ಆಯಾ ವ್ಯಕ್ತಿಯ ತಲೆಯ ಬಳಿ ಶುರುವಾಗುತ್ತವೆ. ಎಡದಿಂದ ಬಲಕ್ಕೂ ಹೋಗಬಹುದು, ಬಲದಿಂದ ಎಡಕ್ಕೂ ಹೋಗಬಹುದು. ಅಥೆನ್ಸ್ ಅಯೋನಿಯನ್ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಕ್ರಿ.ಪೂ. 403ರಲ್ಲಿ. ಅದಕ್ಕೂ ಮುಂಚಿನ ಮಡಕೆಗಳಲ್ಲಿ ಏಣಿಯ ಮೆಟ್ಟಿಲಿನಂತಿರುವ ಅಕ್ಷರ ಹೆಚ್ಚಾಗಿ ‘ಹ’ ಧ್ವನಿಗೆ ನಿಲ್ಲುತ್ತದೆ. ಅದನ್ನು ದೀರ್ಘ ‘ಏ’ ಎಂದು ಓದಿದರೆ ಹೆರಾಕ್ಲೀಸ್ ಸಿಗುವುದಿಲ್ಲ. ಕಾಗುಣಿತವೂ ಬದಲಾಗುತ್ತದೆ: ನೆಸ್ಸೋಸ್ ಆಂಫೊರಾದ ಮೇಲೆ ಸೆಂಟಾರ್‌ನ ಹೆಸರು ‘ನೆಟೋಸ್’ ಎಂದಿದೆ.

ಎಲ್ಲ ಬರಹವೂ ಪಾತ್ರದ ಹೆಸರಲ್ಲ. ‘ಕಲೋಸ್’ ಪದ ಇದ್ದರೆ ಅದು ಆ ಕಾಲದ ಯಾರೋ ಹುಡುಗನ ಚೆಲುವಿಕೆಯ ಹೊಗಳಿಕೆ, ಚಿತ್ರಕ್ಕೆ ಸಂಬಂಧವಿಲ್ಲ. ‘ಎಪೊಯೆಸೆನ್’ ಎಂದರೆ ಮಡಕೆ ಮಾಡಿದವನ ಸಹಿ, ‘ಎಗ್ರಾಫ್ಸೆನ್’ ಎಂದರೆ ಚಿತ್ರಿಸಿದವನದು. ಅಕ್ಷರ ಬಾರದ ಚಿತ್ರಕಾರರು ಅರ್ಥವಿಲ್ಲದ ಅಕ್ಷರಗಳನ್ನು ಸುಮ್ಮನೆ ಉದುರಿಸಿರುವುದೂ ಉಂಟು. ಅಂಥ ಸಾಲಿನಿಂದ ಹೆಸರು ಹಿಂಡಲು ಹೋಗಬೇಡಿ.

ವೀರರು

ಅತಿ ಹೆಚ್ಚು ಕಾಣುವವನು ಹೆರಾಕ್ಲೀಸ್. ಸಿಂಹದ ತಲೆ ಅವನ ತಲೆಗೆ ಕುಲಾವಿಯಾಗಿರುತ್ತದೆ, ಮುಂಗಾಲುಗಳನ್ನು ಎದೆಯ ಮೇಲೆ ಗಂಟು ಹಾಕಿರುತ್ತಾನೆ. ಜೊತೆಗೆ ದೊಣ್ಣೆ, ಬಿಲ್ಲು, ಬತ್ತಳಿಕೆ; ಬೆನ್ನಿಗೆ ಅಥೀನಾ ದೇವಿ. ಇದೆಲ್ಲ ಇಲ್ಲದೆಯೂ ಅವನನ್ನು ಗುರುತಿಸಬೇಕಾದ ದೃಶ್ಯ ಒಂದಿದೆ. ನೆಮಿಯಾದ ಸಿಂಹದ ಜೊತೆ ಕುಸ್ತಿ ಮಾಡುವಾಗ ಆ ಚರ್ಮ ಇನ್ನೂ ಸಿಂಹದ ಮೈಮೇಲೇ ಇದೆ! ಅದಕ್ಕೆ ಆಯುಧ ತಾಗದು, ಹಾಗಾಗಿ ಬರಿಗೈಯಲ್ಲಿ ಅದರ ಕತ್ತು ಹಿಚುಕುತ್ತಾನೆ; ಅವನ ಬಟ್ಟೆಯೂ ಬತ್ತಳಿಕೆಯೂ ಎಷ್ಟೋ ಸಲ ಹಿಂದಿನ ಮರಕ್ಕೆ ತೂಗುಬಿದ್ದಿರುತ್ತವೆ. ಚಿತ್ರದಲ್ಲಿ ಸಿಂಹವಿದೆ ಎಂದ ಮಾತ್ರಕ್ಕೆ ಹೆರಾಕ್ಲೀಸ್ ಎನ್ನುವಂತೆಯೂ ಇಲ್ಲ. ಗಂಡಸೊಬ್ಬ ಹೆಣ್ಣಿನ ಸೊಂಟ ಬಿಗಿಯಾಗಿ ಹಿಡಿದಿದ್ದು, ಅವನ ಮೈಮೇಲೆ ಪುಟ್ಟ ಸಿಂಹ, ಹಾವುಗಳು ಹತ್ತಿದ್ದರೆ ಅವನು ಪೀಲಿಯಸ್. ಆ ಪ್ರಾಣಿಗಳು ಅವನ ಹಿಡಿತ ತಪ್ಪಿಸಿಕೊಳ್ಳಲು ಸಮುದ್ರದೇವತೆ ಥೆಟಿಸ್ ತಾಳುತ್ತಿರುವ ರೂಪಗಳು.

ಇಬ್ಬರು ಗಂಡಸರ ಕುಸ್ತಿಯಿದ್ದರೆ ಕೂದಲು ನೋಡಿ. ಲೂವ್ರ್‌ನಲ್ಲಿರುವ ಚಿತ್ರಕಾರ ಯೂಫ್ರೋನಿಯೊಸ್‌ನ ಕ್ರೇಟರ್‌ನಲ್ಲಿ, ಅಂದರೆ ಮದ್ಯ ಬೆರೆಸುವ ಪಾತ್ರೆಯಲ್ಲಿ, (ಸುಮಾರು ಕ್ರಿ.ಪೂ. 515–510) ಹೆರಾಕ್ಲೀಸ್‌ನ ಗಡ್ಡ ಒಪ್ಪವಾಗಿದೆ, ದೈತ್ಯ ಆಂಟಾಯೊಸ್‌ನದು ಕೆದರಿದೆ. ನಾಗರಿಕ ಯಾರು, ಅಲ್ಲದವನು ಯಾರು ಎಂಬುದನ್ನು ಗ್ರೀಕರು ಕೂದಲಿನಲ್ಲಿ ಹೇಳುತ್ತಿದ್ದರು.

ಥೀಸಿಯಸ್ ಸಾಮಾನ್ಯವಾಗಿ ಗಡ್ಡ ಬಾರದ ಯುವಕ, ಕೈಯಲ್ಲಿ ಖಡ್ಗ, ಕೆಲವೊಮ್ಮೆ ಅಗಲ ಅಂಚಿನ ಪ್ರಯಾಣದ ಟೋಪಿ. ಎದುರಾಳಿಗೆ ಗೂಳಿಯ ತಲೆ, ಮನುಷ್ಯನ ಮೈ ಇದ್ದರೆ ಮಿನೋಟಾರ್, ಅನುಮಾನವಿಲ್ಲ. ಪೂರ್ತಿ ಗೂಳಿಯೇ ಇದ್ದರೆ ಮಾತ್ರ ತಲೆನೋವು: ಕ್ರೀಟ್‌ನಿಂದ ಹೆರಾಕ್ಲೀಸ್ ಹಿಡಿದು ತಂದ ಗೂಳಿಯೇ ಮುಂದೆ ಮ್ಯಾರಥಾನ್‌ನಲ್ಲಿ ಥೀಸಿಯಸ್‌ಗೆ ಸಿಕ್ಕಿತು ಎಂಬುದು ಕಥೆ. ದೊಣ್ಣೆಯೋ ಸಿಂಹದ ಚರ್ಮವೋ ಎಲ್ಲಾದರೂ ತೂಗಿದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಥೀಸಿಯಸ್‌ನ ಇತರ ಸಾಹಸಗಳು ಅದೇ ಮಡಕೆಯಲ್ಲಿವೆಯೇ ನೋಡಿ. ಅವನು ದಾರಿಯಲ್ಲಿ ಕೊಂದ ದುಷ್ಟರಲ್ಲಿ, ಕಾಲು ತೊಳೆಯುವ ಬೋಗುಣಿ ಅಥವಾ ಆಮೆ ಇದ್ದರೆ ಸ್ಕೈರನ್, ಬಗ್ಗಿಸಿದ ಪೈನ್ ಮರ ಇದ್ದರೆ ಸಿನಿಸ್, ಮಂಚವಿದ್ದರೆ ಪ್ರೊಕ್ರಸ್ಟೀಸ್.

ಪರ್ಸಿಯಸ್‌ನ ಸಾಮಾನು ತಪ್ಪುವುದು ಕಡಿಮೆ: ರೆಕ್ಕೆಯ ಪಾದರಕ್ಷೆ, ತಲೆಗೆ ಟೋಪಿ, ಹೆಗಲಿಗೆ ಚೀಲ, ಕುಡುಗೋಲು. ರೆಕ್ಕೆಯ ಪಾದರಕ್ಷೆ ಒಂದೇ ಸಾಲದು, ಅದು ಹರ್ಮೀಸ್‌ಗೂ ಇದೆ. ಹರ್ಮೀಸ್‌ನ ಕೈಯಲ್ಲಿ ದಂಡವಿರುತ್ತದೆ. ಕತ್ತು ಕೊಯ್ಯುತ್ತಲೇ ಮುಖ ತಿರುಗಿಸಿಕೊಂಡಿದ್ದರೆ ಪರ್ಸಿಯಸ್ ಎಂದು ಧೈರ್ಯವಾಗಿ ಹೇಳಿ. ಲೂವ್ರ್‌ನಲ್ಲಿ ಕ್ರಿ.ಪೂ. 7ನೇ ಶತಮಾನದ ಉಬ್ಬುಚಿತ್ರದ ದೊಡ್ಡ ವಾಡೆಯೊಂದಿದೆ (ಧಾನ್ಯ, ಮದ್ಯ ತುಂಬಿಡುವ ಮಣ್ಣಿನ ಪಾತ್ರೆ). ಅದರಲ್ಲಿ ಪರ್ಸಿಯಸ್ ಕೊಲ್ಲುವ, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳಿಗೆ ಸೊಂಟದ ಹಿಂದೆ ಕುದುರೆಯ ಮೈ! ಮೈ ನೋಡಿ ಹೆಸರಿಟ್ಟರೆ ಹೆಣ್ಣು ಸೆಂಟಾರ್ ಎನ್ನಬೇಕಾದೀತು. ಚೀಲ ಮತ್ತು ತಿರುಗಿಸಿದ ಮುಖದಿಂದಲೇ ಕಥೆ ತಿಳಿಯುತ್ತದೆ.

ರೆಕ್ಕೆಯ ಕುದುರೆ ಏರಿದವನು ಬೆಲ್ಲೆರೊಫೋನ್. ಬಂಡೆಯ ಮೇಲಿನ ಸ್ಫಿಂಕ್ಸ್ ಮುಂದೆ ಪ್ರಯಾಣಿಕನ ಟೋಪಿಯಲ್ಲಿ ಯೋಚಿಸುತ್ತ ಕೂತವನು ಈಡಿಪಸ್.

ರಾಕ್ಷಸರು

ಮಡಕೆಯ ಆಕೃತಿಗಳೆಲ್ಲ ಪಕ್ಕಕ್ಕೆ ಮುಖ ಮಾಡಿದ್ದು, ಒಂದು ಮಾತ್ರ ನೇರ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಅದು ಹೆಚ್ಚಾಗಿ ಗಾರ್ಗನ್ (ಮೆಡೂಸಾಳೂ ಗಾರ್ಗನ್‌ಗಳಲ್ಲೊಬ್ಬಳು): ಹೊರಚಾಚಿದ ನಾಲಿಗೆ, ಕೋರೆಹಲ್ಲು, ಮಂಡಿ ಮಡಿಸಿದ ಓಟ. ಕ್ರಿ.ಪೂ. 5ನೇ ಶತಮಾನದಲ್ಲಿ ಈ ಗುರುತು ಸಡಿಲವಾಯಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಚಿತ್ರಕಾರ ಪಾಲಿಗ್ನೋಟಸ್‌ನ ಜಾಡಿಯಲ್ಲಿ (ಸುಮಾರು ಕ್ರಿ.ಪೂ. 450–440) ಮೆಡೂಸಾ ಮಲಗಿರುವ ಸುಂದರಿ. ಅಥೀನಾಳ ಎದೆಯ ಮೇಲಿನ ಅಥವಾ ಯೋಧನ ಗುರಾಣಿಯ ಮೇಲಿನ ಗಾರ್ಗನ್ ಮುಖವನ್ನು ಪಾತ್ರಗಳ ಲೆಕ್ಕಕ್ಕೆ ಸೇರಿಸಬೇಡಿ.

ಬೆರಕೆ ಮೈಯವುಗಳಲ್ಲಿ ಜನ ಬೆರೆಸಿಬಿಡುವುದು ನಾಲ್ಕನ್ನು. ಹೆಣ್ಣಿನ ತಲೆ, ಸಿಂಹದ ಮೈ, ರೆಕ್ಕೆ ಇದ್ದರೆ ಸ್ಫಿಂಕ್ಸ್. ಹೆಣ್ಣಿನ ತಲೆ, ಹಕ್ಕಿಯ ಮೈ ಇದ್ದರೆ ಸೈರನ್. ಪೂರ್ತಿ ಹೆಣ್ಣಿನ ಮೈಗೆ ರೆಕ್ಕೆ ಸೇರಿ ಓಡುತ್ತಿದ್ದರೆ ಹಾರ್ಪಿ ಇರಬಹುದು. ಹಾರ್ಪಿಗಳು ಊಟ ಕಸಿಯುತ್ತಿದ್ದ ಕುರುಡ ಫಿನಿಯಸ್‌ನ ಮೇಜು ಹತ್ತಿರ ಇದ್ದರಷ್ಟೇ ಖಚಿತ. ಹದ್ದಿನ ಕೊಕ್ಕು, ಸಿಂಹದ ಮೈ ಇದ್ದರೆ ಗ್ರಿಫಿನ್. ಬರೀ ಪಟ್ಟಿಯಲ್ಲಿ ಸಾಲಾಗಿ ನಿಂತ ಸ್ಫಿಂಕ್ಸ್, ಸೈರನ್‌ಗಳು ಅಲಂಕಾರ ಮಾತ್ರ. ಅವಕ್ಕೆ ಕಥೆ ಹುಡುಕಬೇಡಿ.

ತಲೆ ಎಣಿಸುವುದು ಅಪಾಯದ ಕೆಲಸ. ಪಾತಾಳದ ಕಾವಲು ನಾಯಿ ಸೆರ್ಬರಸ್‌ಗೆ ಕವಿ ಹೆಸಿಯಡ್ ಐವತ್ತು ತಲೆ ಹೇಳುತ್ತಾನೆ; ಅಥೆನ್ಸ್‌ನ ಚಿತ್ರಕಾರರು ಬಹುತೇಕ ಎರಡಕ್ಕೇ ನಿಲ್ಲಿಸಿದರು. ಲೂವ್ರ್‌ನಲ್ಲಿರುವ, ಇಟಲಿಯ ಕೇರೆ ಎಂಬ ಊರಿನ ಕೊಡದಲ್ಲಿ (ಸುಮಾರು ಕ್ರಿ.ಪೂ. 530–520) ಮೂರು ತಲೆ, ಮೂರಕ್ಕೂ ಬೇರೆ ಬೇರೆ ಬಣ್ಣ, ಹೆರಾಕ್ಲೀಸ್‌ಗೆ ಈ ಸಾಹಸಗಳನ್ನು ವಿಧಿಸಿದ ದೊರೆ ಯೂರಿಸ್ತಿಯಸ್ ಹೆದರಿ ವಾಡೆಯೊಳಗೆ ಅಡಗಿದ್ದಾನೆ. ಅದೇ ದೊರೆ ವಾಡೆಯೊಳಗಿದ್ದು, ಮೇಲೆ ಹೆರಾಕ್ಲೀಸ್ ಹಂದಿ ಹೊತ್ತಿದ್ದರೆ ಅದು ಎರಿಮಾಂಥಸ್‌ನ ಕಾಡುಹಂದಿ. ಇನ್ನು ಎರಡು ತಲೆಯ ನಾಯಿಯ ಜೊತೆ ಮೂರು ಮೈಯ ಯೋಧನೂ ದನಗಳೂ ಇದ್ದರೆ ನಾಯಿ ಸೆರ್ಬರಸ್ ಅಲ್ಲ, ಗೆರಿಯನ್‌ನ ಆರ್ಥ್ರಸ್. ಹಲವು ತಲೆಯ ಸರ್ಪ ಹೈಡ್ರಾಕ್ಕೂ ತಲೆ ಎಣಿಸುವುದಕ್ಕಿಂತ ಹೆರಾಕ್ಲೀಸ್‌ನ ಕಾಲು ಕಚ್ಚುವ ಏಡಿ, ಕುಡುಗೋಲು ಅಥವಾ ಬೆಂಕಿ ಹಿಡಿದ ಅವನ ಸಂಗಾತಿ ಐಯೊಲಾಸ್ ಇದ್ದಾರೆಯೇ ನೋಡುವುದು ಭದ್ರ.

ಸೆಂಟಾರ್‌ಗಳಲ್ಲಿ ಬಟ್ಟೆ ತೊಟ್ಟು, ಮುಂಗಾಲು ಮನುಷ್ಯನವಾಗಿದ್ದು, ಕೊಂಬೆಗೆ ಬೇಟೆಯ ಮೊಲ ತೂಗುಹಾಕಿಕೊಂಡವನು ಗುರು ಕೈರಾನ್. ತೀರ ಹಳೆಯ ಚಿತ್ರಗಳಲ್ಲಿ ಎಲ್ಲ ಸೆಂಟಾರ್‌ಗಳಿಗೂ ಮನುಷ್ಯನ ಮುಂಗಾಲಿರಬಹುದು, ಆಗ ಬಟ್ಟೆ ನೋಡಿ. ಮದ್ಯದ ದೊಡ್ಡ ವಾಡೆ ಇದ್ದರೆ ಫೋಲಸ್. ಹೆಂಗಸನ್ನು ಹೊತ್ತು ಓಡುತ್ತಿದ್ದು ಹೆರಾಕ್ಲೀಸ್ ಬೆನ್ನಟ್ಟಿದ್ದರೆ ನೆಸ್ಸೋಸ್. ಸೆಂಟಾರ್‌ಗಳು ಯೋಧನೊಬ್ಬನನ್ನು ಬಂಡೆಯಿಂದ ನೆಲಕ್ಕೆ ಜಡಿಯುತ್ತಿದ್ದರೆ ಅವನು ಆಯುಧ ತಾಗದ ಕೈನಿಯಸ್.

ಇನ್ನೂ ತಪ್ಪುವ ಕಡೆಗಳು

ಒಂದು ಚಿತ್ರ ಒಂದೇ ಕ್ಷಣದ್ದು ಎಂದುಕೊಳ್ಳಬೇಡಿ. ಪ್ಯಾರಿಸ್‌ನಲ್ಲಿರುವ ಸ್ಪಾರ್ಟಾದ ಬಟ್ಟಲೊಂದರಲ್ಲಿ ಒಂಟಿಕಣ್ಣಿನ ದೈತ್ಯ ಪಾಲಿಫೀಮಸ್ ತಾನು ತಿಂದವನ ಕಾಲುಗಳನ್ನು ಹಿಡಿದಿದ್ದಾನೆ, ಅವನಿಗೆ ಮದ್ಯವನ್ನೂ ಕೊಡುತ್ತಿದ್ದಾರೆ, ಅದೇ ಹೊತ್ತಿಗೆ ಕಣ್ಣಿಗೆ ಗೂಟವನ್ನೂ ಚುಚ್ಚುತ್ತಿದ್ದಾರೆ. ಹಾಗೆಯೇ ಬ್ರಿಟಿಷ್ ಮ್ಯೂಸಿಯಂನ ಕೋಡ್ರಸ್ ಚಿತ್ರಕಾರನ ಬಟ್ಟಲಿನ ಒಳಗೆ, ನಡುವೆ ಮಿನೋಟಾರ್, ಸುತ್ತ ಆರು ಸಾಹಸಗಳು. ಅಲ್ಲಿರುವ ಏಳು ಯುವಕರೂ ಥೀಸಿಯಸ್ ಒಬ್ಬನೇ.

ಒಡೆದು ಜೋಡಿಸಿದ ಮಡಕೆಯಲ್ಲಿ ನಿಮ್ಮ ಗುರುತು ಎಲ್ಲಿದೆ ಎಂಬುದನ್ನು ಪರೀಕ್ಷಿಸಿ. ಗೆರೆಗಳು ಬಿರುಕಿನಾಚೆ ಹಠಾತ್ ದಪ್ಪವಾದರೆ, ಬಣ್ಣ ಚಪ್ಪಟೆಯಾದರೆ ಅದು ನಂತರದವರು ತುಂಬಿದ ಭಾಗವಿರಬಹುದು. ಮಡಕೆಯಷ್ಟೇ ಅಲ್ಲ: ಅರೆಝೊದಲ್ಲಿ 1553ರಲ್ಲಿ ಸಿಕ್ಕ ಎಟ್ರಸ್ಕನ್ (ಪ್ರಾಚೀನ ಇಟಲಿಯ ಜನಾಂಗದ) ಕಂಚಿನ ಕೈಮೀರಾದ, ಅಂದರೆ ಸಿಂಹ, ಮೇಕೆ, ಹಾವು ಬೆರೆತ ರಾಕ್ಷಸ ಮೃಗದ, ಹಾವಿನ ಬಾಲ 18ನೇ ಶತಮಾನದ ಜೋಡಣೆ.

ಕೊನೆಯದಾಗಿ, ಚಿತ್ರಕ್ಕೆ ಪಠ್ಯ ಸಿಗದೆಯೂ ಹೋಗಬಹುದು. ವ್ಯಾಟಿಕನ್‌ನಲ್ಲಿರುವ, ಚಿತ್ರಕಾರ ಡೂರಿಸ್‌ನ ಬಟ್ಟಲಿನಲ್ಲಿ (ಸುಮಾರು ಕ್ರಿ.ಪೂ. 480–470) ಸರ್ಪದ ಬಾಯಿಂದ ಗಂಡಸೊಬ್ಬ ಜೋಲುತ್ತಿದ್ದಾನೆ, ಹಿಂದೆ ಮರಕ್ಕೆ ಚಿನ್ನದ ಉಣ್ಣೆ, ಎದುರು ಅಥೀನಾ, ಪಕ್ಕದಲ್ಲಿ ಜೇಸನ್ ಎಂಬ ಹೆಸರು. ಸರ್ಪ ಜೇಸನ್‌ನನ್ನು ನುಂಗಿ ಉಗುಳಿದ ಕಥೆ ಉಳಿದಿರುವ ಯಾವ ಗ್ರಂಥದಲ್ಲೂ ಇಲ್ಲ. ಇಂಥ ಕಡೆ ಗೊತ್ತಿರುವ ಕಥೆಗೆ ಚಿತ್ರವನ್ನು ಬಗ್ಗಿಸದೆ ಕಂಡದ್ದನ್ನು ಕಂಡಂತೆ ಬರೆದುಕೊಳ್ಳಿ. ಬರಹವೂ ಇಲ್ಲ, ಎರಡನೇ ಗುರುತೂ ಇಲ್ಲ ಎಂದಾದರೆ ‘ವೀರನೊಬ್ಬ, ಸೆಂಟಾರ್’ ಎಂದಷ್ಟೇ ಸಾಕು.