ಕಬಡ್ಡಿ ಅಂಕಣದಿಂದ ರಗ್ಬಿ ಲೀಗ್‌ಗೆ: ಹಾಸನದಲ್ಲಿ ತಂಡ ಕಟ್ಟುವ ಮೊದಲ 12 ವಾರ

ದೇಶದ ತಂಡ ಬೇಕೆಂದರೆ ಮೊದಲು ತಾಲ್ಲೂಕಿನಲ್ಲಿ ಪಂದ್ಯ ನಡೆಯಬೇಕು. ರಗ್ಬಿ ಲೀಗ್‌ಗೆ ಹೊಸದಾಗಿ ಬರುವ ದೇಶಗಳು ಹೆಚ್ಚಾಗಿ ಇದನ್ನು ತಿರುಗುಮುರುಗು ಮಾಡುತ್ತವೆ. ಅಪ್ಪ ಅಥವಾ ಅಜ್ಜ ಹುಟ್ಟಿದ ದೇಶದ ಪರ ಆಡಲು ನಿಯಮ ಅವಕಾಶ ಕೊಡುವುದರಿಂದ ಹೊರದೇಶದಲ್ಲಿ ಬೆಳೆದ ಆಟಗಾರರನ್ನು ಕರೆತಂದು ತಂಡ ತುಂಬಿಸಿಬಿಡಬಹುದು. 2000ದ ವಿಶ್ವಕಪ್ಪಿನಲ್ಲಿ ಲೆಬನಾನ್ ತಂಡದ ಬಹುಪಾಲು ಹುಡುಗರು ಆಸ್ಟ್ರೇಲಿಯಾದಲ್ಲಿ ಆಟ ಕಲಿತವರು. 2018ರಲ್ಲಿ ಅಮೆರಿಕವನ್ನು ಸೋಲಿಸಿ ವಿಶ್ವಕಪ್ಪಿಗೆ ಅರ್ಹತೆ ಪಡೆದ ಜಮೈಕಾ ತಂಡಕ್ಕೂ ಇಂಗ್ಲೆಂಡಿನಲ್ಲಿ ಬೆಳೆದ ಆಟಗಾರರ ಬಲ ದೊಡ್ಡದು. ಅದು ತಪ್ಪಲ್ಲ, ಆದರೆ ಊರಿನಲ್ಲಿ ಆಟ ಬೇರು ಬಿಡದಿದ್ದರೆ ಆ ತಲೆಮಾರು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ನಮ್ಮಲ್ಲಿ ಬೇರು ಬಿಡಲು ಹದವಾದ ಮಣ್ಣಿದೆ. ಅದು ಕಬಡ್ಡಿ.

ಮೊದಲು ಯಾವ ರಗ್ಬಿ ಎಂಬುದು ಸ್ಪಷ್ಟವಿರಲಿ. ಭಾರತದಲ್ಲಿ ಹೆಚ್ಚು ಕಾಣುವುದು 15 ಜನರ ಅಥವಾ 7 ಜನರ ರಗ್ಬಿ ಯೂನಿಯನ್. ಲೀಗ್ ಬೇರೆ ಆಟ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಯೂನಿಯನ್ನಿನಿಂದ ಸಿಡಿದು ಹೊರಬಂದವು. 1906ರಲ್ಲಿ ಆಟಗಾರರ ಸಂಖ್ಯೆ 13ಕ್ಕೆ ಇಳಿಯಿತು. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್ (ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ನಿಲ್ಲಿಸುವುದು), ಅಷ್ಟರೊಳಗೆ ಅಂಕ ಬರದಿದ್ದರೆ ಚೆಂಡು ಎದುರಾಳಿಗೆ. ಟ್ರೈಗೆ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ, 4 ಅಂಕ, ಅದರ ಮೇಲಿನ ಕನ್ವರ್ಷನ್ ಕಿಕ್ಕಿಗೆ 2, ಪೆನಾಲ್ಟಿ ಕಿಕ್ಕಿಗೆ 2, ಡ್ರಾಪ್ ಗೋಲಿಗೆ (ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಕಂಬಗಳ ನಡುವೆ ಒದೆಯುವುದು) 1. ಮೈದಾನ ಕೇಳಿ ಅರ್ಜಿ ಕೊಡುವಾಗ, ಹೆತ್ತವರ ಜೊತೆ ಮಾತಾಡುವಾಗ ‘ರಗ್ಬಿ ಲೀಗ್’ ಎಂದೇ ಬರೆಯಿರಿ, ಹಾಗೆಯೇ ಹೇಳಿ. ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತದೆ, ಕೆಲಸ ಸಿಗುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಬೇಡಿ. ಅದು ಸರ್ಕಾರ ಮಾನ್ಯ ಮಾಡಿದ ಕ್ರೀಡೆ ಮತ್ತು ಪ್ರಮಾಣಪತ್ರಕ್ಕೆ ಅಂಟಿದ ವಿಷಯ. ಆಸೆ ನಂಬಿ ಬಂದ ಹುಡುಗ ಆರು ತಿಂಗಳಲ್ಲಿ ಹೋಗುತ್ತಾನೆ, ಹೋಗುವಾಗ ನಾಲ್ಕು ಜನರನ್ನು ಕರೆದುಕೊಂಡೇ ಹೋಗುತ್ತಾನೆ.

ಯಾರನ್ನು ಕರೆಯಬೇಕು

18ರಿಂದ 20 ಹುಡುಗರು ಸಾಕು. ನೇರವಾಗಿ 13ರ ಆಟಕ್ಕೆ ಕೈಹಾಕದೆ 9 ಜನರ ‘ನೈನ್ಸ್’ನಿಂದ ಶುರುಮಾಡಿ. ಒಂದು ಅರ್ಧಕ್ಕೆ 9 ನಿಮಿಷ, ಪೂರ್ತಿ ಪಂದ್ಯ 18 ನಿಮಿಷ. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಕಡೂರಿನ ಕಬಡ್ಡಿ ತಂಡಗಳನ್ನು ವಿಚಾರಿಸುವಾಗ ತೂಕ ಜಾಸ್ತಿಯಾಗಿ ಹೊರಗುಳಿದವರನ್ನು ಮೊದಲು ಕೇಳಿ. ಹಿರಿಯ ಪುರುಷರ ಕಬಡ್ಡಿಯಲ್ಲಿ 85 ಕೆ.ಜಿ. ಮಿತಿ ಇದೆ. ತೂಕ ಹಾಕುವ ದಿನ 92 ಕೆ.ಜಿ. ತೂಗಿ ಮನೆಗೆ ಹೋದ ಹುಡುಗ ಲೀಗ್‌ನಲ್ಲಿ ಪ್ರಾಪ್ ಆಗಿ, ಅಂದರೆ ಮುಂದಿನ ಸಾಲಿನ ಭಾರದ ಆಟಗಾರನಾಗಿ ನಿಲ್ಲುತ್ತಾನೆ. ಒಳ್ಳೆಯ ರೈಡರ್‌ಗಳು ಹಾಫ್ (ಆಟ ನಡೆಸುವವನು) ಮತ್ತು ವಿಂಗ್‌ಗೆ (ಅಂಚಿನಲ್ಲಿ ಓಡುವವನು) ಒಗ್ಗುತ್ತಾರೆ. ವಾಲಿಬಾಲ್ ಆಡಿದವನಿದ್ದರೆ ಬಿಡಬೇಡಿ, ಎತ್ತರದ ಕಿಕ್ ಹಿಡಿಯಲು ಅವನಷ್ಟು ಸಲೀಸು ಬೇರೆಯವರಿಗಿಲ್ಲ.

ಮೈದಾನ ಮತ್ತು ಸಾಮಾನು

ಪೂರ್ಣ ಅಳತೆ ಒಂದು ಟ್ರೈ ಗೆರೆಯಿಂದ ಇನ್ನೊಂದಕ್ಕೆ 100 ಮೀಟರ್, ಅಗಲ 68 ಮೀಟರ್, ಎರಡೂ ತುದಿಯ ಇನ್-ಗೋಲ್ (ಟ್ರೈ ಗೆರೆಯ ಹಿಂದಿನ ಜಾಗ) ಕನಿಷ್ಠ 6 ಮೀಟರ್. 400 ಮೀಟರ್ ಟ್ರ್ಯಾಕಿನ ಒಳಗೆ ಸುಮಾರು 73 ಮೀಟರ್ ಅಗಲವಿರುವುದರಿಂದ ಸಲೀಸಾಗಿ ಹಿಡಿಸುತ್ತದೆ ಎನಿಸುತ್ತದೆ. ಆದರೆ ಇನ್-ಗೋಲ್‌ನ ನಾಲ್ಕು ಮೂಲೆಗಳು ಟ್ರ್ಯಾಕಿನ ತಿರುವಿಗೆ ತಾಗುತ್ತವೆ, ಟ್ರೈ ಹಾಕಲು ಜಾರಿದವನು ಅಂಚಿನ ಕಟ್ಟೆಗೆ ಹೊಡೆಯುತ್ತಾನೆ. ಅಗಲವನ್ನು 60 ಮೀಟರಿಗೆ ಇಳಿಸಿ, ಮೂಲೆಯಲ್ಲಿ ಸುಮಾರು ಮೂರೂವರೆ ಮೀಟರ್ ಜಾಗ ಉಳಿಯುತ್ತದೆ.

ಗೆರೆ ಎಳೆಯಲು ಸುಣ್ಣ ಬೇಡ. ಈ ಆಟದಲ್ಲಿ ಮುಖ ನೆಲಕ್ಕೆ ತಾಗುತ್ತದೆ, ಸುಣ್ಣ ಕಣ್ಣು ಸುಡುತ್ತದೆ. ರಂಗೋಲಿ ಪುಡಿ ಸಾಕು. ಗೋಲ್ ಕಂಬಗಳ ನಡುವೆ 5.5 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರದಲ್ಲಿ. ಅಭ್ಯಾಸಕ್ಕೆ ಅಡಿಕೆ ಮರದ ಕಂಬ ಚೆನ್ನಾಗಿ ನಿಲ್ಲುತ್ತದೆ, ಆದರೆ ಬುಡದಿಂದ ಆಳೆತ್ತರಕ್ಕೆ ಹಳೇ ಹಾಸಿಗೆಯ ಫೋಮ್ ಸುತ್ತಿ ಹಗ್ಗ ಬಿಗಿಯದೆ ಯಾರನ್ನೂ ಒಳಗೆ ಬಿಡಬೇಡಿ. 5ನೇ ಸೈಜಿನ ಚೆಂಡು ಆರು, ಎರಡು ಬಣ್ಣದ ಬಿಬ್, 20 ಕೋನ್, ಪ್ರತಿಯೊಬ್ಬನಿಗೂ ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕೂರಿಸುವ ಮೌತ್‌ಗಾರ್ಡ್. ಫುಟ್‌ಬಾಲ್ ಬೂಟು ನಡೆಯುತ್ತದೆ, ಸವೆದು ಚೂಪಾದ ಸ್ಟಡ್ ನಡೆಯುವುದಿಲ್ಲ.

ಕಾಲ ನೋಡಿ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಮೈದಾನ ಕೆರೆಯಾಗಿರುತ್ತದೆ. ಅದೇ ತಿಂಗಳುಗಳಲ್ಲಿ ಅರಸೀಕೆರೆ, ಕಡೂರು, ಹಾಸನದ ನೆಲ ಹದವಾಗಿ ಮೆತ್ತಗಿರುತ್ತದೆ, ಬೀಳುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಏಪ್ರಿಲ್‌ನಲ್ಲಿ ಬಿರಿದ ಕೆಂಪು ನೆಲದ ಮೇಲೆ ಟ್ಯಾಕಲ್ ಮಾಡಿಸಿದರೆ ಮೊಣಕೈ ತರಚುವುದು ಬಿಡಿ, ಕಾಲರ್ ಬೋನ್ ಮುರಿಯುತ್ತದೆ. ಬೇಸಿಗೆಯಲ್ಲಿ ಮಾಡಲೇಬೇಕಾದರೆ ಹಿಂದಿನ ಸಂಜೆ ಟ್ಯಾಂಕರ್ ನೀರು ಹೊಡೆಸಿ. ಡಿಸೆಂಬರ್ ಆದಮೇಲೆ ಕಾಫಿ ಕೊಯ್ಲು, ತೋಟದ ಕಡೆಯ ಹುಡುಗರು ಬರುವುದಿಲ್ಲ. ಅದನ್ನು ಶಿಸ್ತಿನ ಪ್ರಶ್ನೆ ಮಾಡಬೇಡಿ.

ವಾರ 1–4: ಮುಟ್ಟಾಟ

ಟ್ಯಾಕಲ್ ಇಲ್ಲ. ಎರಡು ಕೈಯಿಂದ ಮುಟ್ಟಿದರೆ ಒಂದು ಟ್ಯಾಕಲ್ ಲೆಕ್ಕ, ಆರು ಮುಟ್ಟಿಗೆ ಚೆಂಡು ಬದಲು. ವಾರಕ್ಕೆ ಮೂರು ದಿನ, ದಿನಕ್ಕೆ 75 ನಿಮಿಷ. ಕೈಯಿಂದ ಚೆಂಡನ್ನು ಮುಂದಕ್ಕೆ ಕೊಡುವಂತಿಲ್ಲ ಎಂಬುದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನಾಲ್ವರನ್ನು ಓರೆ ಸಾಲಿನಲ್ಲಿ, ಒಬ್ಬೊಬ್ಬ ಇನ್ನೊಬ್ಬನಿಗಿಂತ ಎರಡು ಹೆಜ್ಜೆ ಹಿಂದೆ ಓಡಿಸಿ, ಆಗ ಕಾಲೇ ಕಲಿಸುತ್ತದೆ.

ಇದರ ಜೊತೆಗೆ ದಮ್ಮು. ಕಬಡ್ಡಿಯವನ ದೇಹ 30 ಸೆಕೆಂಡಿನ ರೈಡ್‌ಗೆ ಪಳಗಿದೆ. ಇಲ್ಲಿ ಪ್ರತಿ ಟ್ಯಾಕಲ್ ಆದಮೇಲೆ ರಕ್ಷಣೆಯ ಸಾಲು 10 ಮೀಟರ್ ಹಿಂದೆ ಓಡಿ ಮತ್ತೆ ಮುಂದೆ ಬರಬೇಕು. ಎದೆ ನೆಲಕ್ಕೆ, ಎದ್ದು 10 ಮೀಟರ್ ಹಿಂದೆ, ತಿರುಗಿ 10 ಮೀಟರ್ ಮುಂದೆ: ಇದು ಆರು ಸಲ ಆದರೆ ಒಂದು ಸುತ್ತು, ನಡುವೆ 90 ಸೆಕೆಂಡ್ ವಿರಾಮ. ಮೊದಲ ವಾರ ಮೂರು ಸುತ್ತು, ನಾಲ್ಕನೇ ವಾರಕ್ಕೆ ಆರು.

ವಾರ 5–8: ಕಬಡ್ಡಿ ಕೊಟ್ಟದ್ದು, ಕಬಡ್ಡಿಯಿಂದ ಬಿಡಿಸಬೇಕಾದದ್ದು

ಇಲ್ಲಿ ನಿಧಾನವಾಗಿ ಹೋಗಿ. ಹಿಡಿಯುವ ಧೈರ್ಯ ಈ ಹುಡುಗರಿಗೆ ಆಗಲೇ ಇದೆ, ಅಪಾಯ ಇರುವುದೂ ಅಲ್ಲೇ. ಆ್ಯಂಕಲ್ ಹೋಲ್ಡ್‌ಗೆ ಕಾರ್ನರ್‌ನವನು ತಲೆ ತಗ್ಗಿಸಿ ಕಾಲಿಗೆ ಹಾರುತ್ತಾನೆ. ರೈಡರ್ ಹೆಚ್ಚುಕಡಿಮೆ ನಿಂತೇ ಇರುವುದರಿಂದ ಅದು ನಡೆಯುತ್ತದೆ. ಲೀಗ್‌ನಲ್ಲಿ ಎದುರಿಗೆ ಬರುವವನು 10 ಮೀಟರ್ ವೇಗ ಕೂಡಿಸಿಕೊಂಡು ಬರುತ್ತಾನೆ, ಅವನ ಮಂಡಿ ತಗ್ಗಿದ ತಲೆಗೆ ನೇರ ಬಡಿಯುತ್ತದೆ. ಆದ್ದರಿಂದ ಒಂದೇ ಮಾತು ಸಾವಿರ ಸಲ: ಗಲ್ಲ ಮೇಲೆ, ಕಣ್ಣು ಅವನ ಸೊಂಟದ ಮೇಲೆ. ಬದಿಯಿಂದ ಹಿಡಿಯುವಾಗ ತಲೆ ಅವನ ಹಿಂಬದಿಗೆ ಹೋಗಬೇಕು, ನಿಮ್ಮ ಕೆನ್ನೆ ಅವನ ಪಿರ್ರೆಗೆ ಅಂಟಬೇಕು, ತೋಳು ಎರಡೂ ತೊಡೆಗಳನ್ನು ಸುತ್ತಬೇಕು.

ಕಬಡ್ಡಿಯಲ್ಲಿ ರೈಡರ್‌ನನ್ನು ಗುದ್ದಿ ಹೊರಗೆ ತಳ್ಳುವ ಡ್ಯಾಶ್ ಇಲ್ಲಿ ತಪ್ಪು. ತೋಳು ಸುತ್ತದೆ ಬರೀ ಭುಜದಿಂದ ಗುದ್ದಿದರೆ ಪೆನಾಲ್ಟಿ. ಚೈನ್ ಹಿಡಿದು ಮೂವರು ರೈಡರ್‌ನನ್ನು ಎತ್ತಿ ಒಗೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಎತ್ತಿಸಿಕೊಂಡವನ ಸೊಂಟ ತಲೆಗಿಂತ ಮೇಲೆ ಹೋಗಿ ತಲೆ ಕೆಳಗಾಗಿ ಬಿದ್ದರೆ ಕುತ್ತಿಗೆಗೇ ಬರುತ್ತದೆ, ರೆಫ್ರಿ ಹೊರಗೆ ಕಳಿಸುತ್ತಾರೆ. ಭುಜಕ್ಕಿಂತ ಮೇಲೆ ಕೈ ಹೋಗಲೇಬಾರದು.

ಕ್ರಮ ಹೀಗಿರಲಿ: ಇಬ್ಬರೂ ಮಂಡಿಯೂರಿ, ಆಮೇಲೆ ಹಿಡಿಯುವವನು ಮಂಡಿಯಲ್ಲಿ ಮತ್ತು ಎದುರಿನವನು ನಡೆಯುತ್ತಾ, ಆಮೇಲೆ ಇಬ್ಬರೂ ನಡೆಯುತ್ತಾ, ಕೊನೆಗೆ ಮೆಲ್ಲನೆ ಓಡುತ್ತಾ. ಒಂದೊಂದಕ್ಕೆ ಒಂದು ವಾರ. ಎಡ ಭುಜಕ್ಕೂ ಬಲದಷ್ಟೇ ಲೆಕ್ಕ. ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಟ್ಯಾಕಲ್ ಬೇಡ, ದಣಿದಾಗ ಮೊದಲು ಕೆಡುವುದು ತಲೆಯ ಜಾಗ.

ಇನ್ನೊಂದು ಹಳೇ ಚಾಳಿ ನೆಲಕ್ಕೆ ಬಿದ್ದಮೇಲೆ ಕಾಣುತ್ತದೆ. ಹಿಡಿದವನು ಬಿಡುವುದಿಲ್ಲ, ಹಿಡಿಸಿಕೊಂಡವನು ನಡುಗೆರೆ ಮುಟ್ಟುವವನಂತೆ ಕೈ ಚಾಚುತ್ತಾನೆ. ಹಿಡಿತದಲ್ಲಿರುವವನ ಚೆಂಡು, ಅಥವಾ ಚೆಂಡು ಹಿಡಿದ ತೋಳು ನೆಲ ಮುಟ್ಟಿತೆಂದರೆ ಟ್ಯಾಕಲ್ ಮುಗಿಯಿತು. ಆಮೇಲೆ ಟ್ರೈ ಗೆರೆಗೆ ಚಾಚಿದರೆ ಟ್ರೈ ಇಲ್ಲ, ಪೆನಾಲ್ಟಿ ಎದುರಾಳಿಗೆ. ಬಿದ್ದ ವೇಗದಲ್ಲೇ ಜಾರಿ ಗೆರೆ ದಾಟಿದರೆ ಮಾತ್ರ ಸರಿ. ಹಿಡಿದವನು ರೆಫ್ರಿ ‘ಹೆಲ್ಡ್’ ಎಂದ ಕೂಡಲೇ ಕೈ ತೆಗೆಯಬೇಕು.

ಈಗ ಪ್ಲೇ-ದ-ಬಾಲ್, ಅಂದರೆ ಟ್ಯಾಕಲ್ ಆದವನು ಎದ್ದು ಚೆಂಡನ್ನು ಮತ್ತೆ ಆಟಕ್ಕೆ ತರುವ ಕ್ರಮ. ಹೊಸ ತಂಡಗಳು ಚೆಂಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಬಿದ್ದವನು ಮೊದಲು ಹೊಟ್ಟೆಯ ಕಡೆ ತಿರುಗಲಿ, ಒಂದು ಮಂಡಿ ಎದೆಯಡಿಗೆ ಎಳೆದುಕೊಂಡು ಎದ್ದು ಎದುರಾಳಿಯ ಟ್ರೈ ಗೆರೆಗೆ ಮುಖ ಮಾಡಿ ನಿಲ್ಲಲಿ. ಚೆಂಡನ್ನು ಪಾದದ ಮುಂದೆ ನೆಲಕ್ಕಿಟ್ಟು, ಕೈ ಬಿಟ್ಟು, ಅಂಗಾಲಿನಿಂದ ಮೆಲ್ಲಗೆ ಹಿಂದಕ್ಕೆ ಉರುಳಿಸಲಿ. ಅವಸರದಲ್ಲಿ ಏಳುವ ಮೊದಲೇ ಕೈಯಿಂದ ಕಾಲ ಸಂದಿಯಲ್ಲಿ ತಳ್ಳುವುದು, ಜೋರಾಗಿ ಒದ್ದು ಹಿಂದೆ ನಿಂತು ಚೆಂಡು ಎತ್ತಿಕೊಳ್ಳುವ ಡಮ್ಮಿ ಹಾಫ್‌ನ ಮಂಡಿಗೆ ಬಡಿಸುವುದು, ಇವೆರಡೇ ಪದೇ ಪದೇ ಆಗುವ ತಪ್ಪುಗಳು. ದಿನವೂ ಪ್ರತಿ ಹುಡುಗನಿಂದ 20 ಸಲ, ಮಳೆ ಬಂದ ದಿನ 30 ಸಲ.

ವಾರ 9–12: ಪಂದ್ಯ

ಹತ್ತಿರದ ಆರು ತಂಡ ಸೇರಿದರೆ ಎಲ್ಲರೂ ಎಲ್ಲರ ಜೊತೆ ಆಡಲು 15 ನೈನ್ಸ್ ಪಂದ್ಯ. ಒಂದೇ ದಿನ ಮುಗಿಸುವ ಹುಮ್ಮಸ್ಸು ಬೇಡ, ಒಬ್ಬನ ಪಾಲಿಗೆ 90 ನಿಮಿಷದ ಆಟವಾಗುತ್ತದೆ. ಎರಡು ಭಾನುವಾರಕ್ಕೆ ಹಂಚಿ: ಮೊದಲನೆಯ ದಿನ ಒಂಬತ್ತು, ಎರಡನೆಯ ದಿನ ಆರು. ಒಂದು ಪಂದ್ಯಕ್ಕೆ 25 ನಿಮಿಷ ಹಿಡಿದರೆ ಒಂಬತ್ತು ಪಂದ್ಯಕ್ಕೆ ಮೂರೂಮುಕ್ಕಾಲು ಗಂಟೆ.

ತಲೆಗೆ ಪೆಟ್ಟು ಬಿದ್ದವನು, ಕಣ್ಣು ಮಂಜಾದವನು, ಎದ್ದಾಗ ತೂರಾಡಿದವನು ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ‘ಏನೂ ಆಗಿಲ್ಲ ಅಣ್ಣ’ ಎಂದರೂ ಇಲ್ಲ. ತಳಮಟ್ಟದ ಕ್ರೀಡೆಗೆ ಬ್ರಿಟನ್ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಬೇಕು, ಅದನ್ನೇ ಪಾಲಿಸಿ. ಕುತ್ತಿಗೆ ನೋವು ಎಂದರೆ ಎಬ್ಬಿಸಬೇಡಿ, ನೀರು ಕುಡಿಸಬೇಡಿ, ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ.

ಮೂರು ತಂಡವಾದರೂ ನಿಂತ ಮೇಲೆ ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಸದಸ್ಯರು ಬೇಕು. ಪ್ರತಿ ಪಂದ್ಯದ ದಿನಾಂಕ, ಆಡಿದವರ ಹೆಸರು, ಹುಟ್ಟಿದ ದಿನ, ಅಂಕ, ಗಾಯ, ಎಲ್ಲವೂ ಒಂದೇ ಪುಸ್ತಕದಲ್ಲಿ ಬರಲಿ. ಮುಂದೆ ದೇಶದ ಆಯ್ಕೆಗೆ ಹುಡುಗನ ಹೆಸರು ಕಳಿಸುವಾಗ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ. ಎರಡನೇ ಹಂಗಾಮಿಗೆ ಮೊದಲು ಕನಿಷ್ಠ ಇಬ್ಬರಿಗೆ ರೆಫ್ರಿ ಕೆಲಸ ಕಲಿಸಿ. ಮಂಡಿ ನೋವಿನಿಂದ ಆಟ ಬಿಟ್ಟ ಹಿರಿಯ ಕಬಡ್ಡಿ ಆಟಗಾರರು ಇದಕ್ಕೆ ಒಪ್ಪುತ್ತಾರೆ, ಹುಡುಗರೂ ಅವರ ಮಾತು ಮೀರುವುದಿಲ್ಲ.